ಗೀರು ಹುಡುಕಿಕೊಂಡು ಬರುವವರಿಗೆ ಊರಿಗಾಂನಿಂದ ಒಂದು ಬಹಿರಂಗ ಪತ್ರ

ಗೀರು, ತುಕ್ಕು, ಧೂಳುಗಳನ್ನೇ ಚಿತ್ರಕ್ಕೆ ಹೇರುವ ಗ್ರಂಜ್ ಕಲೆ ಕಲಿಯಲು ಹೊರಟಿರುವ ಹೊಸ ಕಲಾವಿದರೇ,

ಮೊದಲಿಗೆ ಊರಿನ ಪರವಾಗಿ ನಿಮಗೆ ವಂದನೆ. ನೀವು ಬರತೊಡಗುವವರೆಗೂ ನಮ್ಮ ಗೋಡೆಗಳ ಬೆಲೆ ನಮಗೇ ತಿಳಿದಿರಲಿಲ್ಲ. ಗಾರೆ ಉದುರಿದರೆ ರಿಪೇರಿಗೆ ದುಡ್ಡು ಹೊಂದಿಸಬೇಕಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದೆವು. ಅದು ಟೆಕ್ಸ್ಚರ್ ಎಂದು ನೀವು ತಿಳಿಸಿಕೊಟ್ಟಿರಿ. ತುಕ್ಕು ಹಿಡಿದ ತಗಡನ್ನು ಗುಜರಿಯವನಿಗೆ ತೂಕಕ್ಕೆ ಹಾಕುತ್ತಿದ್ದೆವು. ಅದೇ ತಗಡನ್ನು ಒಳ್ಳೆ ರೆಸಲ್ಯೂಶನ್ನಿನಲ್ಲಿ ಸೆರೆಹಿಡಿದರೆ ಬೇರೆಯೇ ಗಿರಾಕಿಗಳಿದ್ದಾರೆ ಎಂಬುದು ನಮ್ಮ ಬುದ್ಧಿಗೆ ಹೊಳೆದಿರಲಿಲ್ಲ. ಕಪ್ಪು ಟೀಶರ್ಟು ತೊಟ್ಟು, ಬೆನ್ನಿಗೆ ಕ್ಯಾಮೆರಾ ಬ್ಯಾಗು ಏರಿಸಿ ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು, "ಅಂಕಲ್, ಇಲ್ಲಿ ಹಾಳು ಬಿದ್ದಿರೋ ಜಾಗ ಎಲ್ಲಿದೆ?" ಎಂದು ನೀವು ಕೇಳುವಾಗ ನಾವು ತಬ್ಬಿಬ್ಬಾಗುತ್ತೇವೆ. ಯಾವುದನ್ನು ತೋರಿಸುವುದು, ಯಾವುದನ್ನು ಬಿಡುವುದು?

ನೀವು ಬರುವ ರೈಲಿನ ಎದುರು ದಿಕ್ಕಿಗೆ ಪ್ರತಿದಿನ ಬೆಳಗಿನ ಜಾವ ನಮ್ಮೂರಿನ ಸಾವಿರಾರು ಜನ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ನಿಮಗೆ ಬೇಕಾದದ್ದು ಇಲ್ಲಿದೆ, ಅವರಿಗೆ ಬೇಕಾದದ್ದು ಅಲ್ಲಿದೆ. ರೈಲ್ವೆಯವರು ಇಬ್ಬರಿಗೂ ಒಂದೇ ಹಳಿ ಕೊಟ್ಟಿದ್ದಾರೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಈ ಊರಿಗಾಂನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜು, ಶಾಲೆಯ ಐಡಿ ಕಾರ್ಡು, ಲ್ಯಾಮಿನೇಶನ್ನು, ಶ್ರದ್ಧಾಂಜಲಿ ಬ್ಯಾನರು. ಇವುಗಳ ನಡುವೆ ಮರ್ಯಾದೆಯ ಕೆಲಸ ಅಂತ ಒಂದಿದೆ: ಹಳೇ ಫೋಟೋಗಳ ಗೀರು ತೆಗೆಯುವುದು. ತಾತ ಗಣಿಯಲ್ಲಿದ್ದಾಗ ತೆಗೆಸಿದ ಒಂದೇ ಒಂದು ಫೋಟೋವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತಾರೆ. "ಈ ಗೀಟು, ಈ ಕಲೆ, ಈ ಮಡಿಕೆ ಎಲ್ಲಾ ಹೋಗಬೇಕಣ್ಣ" ಎನ್ನುತ್ತಾರೆ. ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲಿನಿಂದ, ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಟಚಿಂಗ್ ಮಾಡುತ್ತಿದ್ದ ಕಸುಬು ಇದು. ಈಗ ಹೀಲಿಂಗ್ ಬ್ರಷ್ಷು, ಚಿತ್ರದ ಒಂದು ಕಡೆಯದನ್ನು ಇನ್ನೊಂದು ಕಡೆಗೆ ನಕಲಿಸುವ ಕ್ಲೋನ್ ಸ್ಟಾಂಪು. ಅಂದರೆ ವೃತ್ತಿಯಲ್ಲಿ ನಾನು ನಿಮ್ಮ ವಿರೋಧ ಪಕ್ಷ. ನಾನು ತೆಗೆದದ್ದನ್ನೇ ನೀವು ಹಾಕುತ್ತೀರಿ. ಹಾಗಾಗಿ ನಿಮಗೆ ಪಾಠ ಹೇಳುವ ಯೋಗ್ಯತೆ ನನಗೆ ಇದ್ದೇ ಇದೆ: ಗೀರನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ನಿಮ್ಮಲ್ಲಿ ಯಾರೂ ಇರಲಾರರು.

ನಿಮ್ಮ ಕಲೆಯ ವಂಶಾವಳಿ ನನಗೆ ಗೊತ್ತಿಲ್ಲದ್ದೇನಲ್ಲ. 'ಗ್ರಂಜ್' ಎಂಬುದು ಅಮೆರಿಕದ ಸಿಯಾಟಲ್ ಕಡೆಯ ಹರಕು ಅಂಗಿಯ ಸಂಗೀತಗಾರರಿಂದ ಬಂದ ಹೆಸರು. 1992ರಲ್ಲಿ ಶುರುವಾದ 'ರೇ ಗನ್' ಎಂಬ ಸಂಗೀತ ಪತ್ರಿಕೆಯ ಪುಟಗಳನ್ನು ಡೇವಿಡ್ ಕಾರ್ಸನ್ ಎಂಬಾತ ಕೆಡಿಸಿ, ಕತ್ತರಿಸಿ, ಅಕ್ಷರದ ಮೇಲೆ ಅಕ್ಷರ ಹೇರಿ ಜಗತ್ತಿಗೆಲ್ಲ ಹೊಸ ರುಚಿ ಹತ್ತಿಸಿದ. ಒಂದು ಸಂದರ್ಶನ ಸಪ್ಪೆ ಅನ್ನಿಸಿತೆಂದು ಅದನ್ನು ಓದಲಾಗದ ಚಿಹ್ನೆಗಳ ಫಾಂಟಿನಲ್ಲಿ ಅಚ್ಚು ಹಾಕಿಸಿದ ಭೂಪ ಆತ. ಡೇವ್ ಮೆಕ್‌ಕೀನ್ ಎಂಬ ಇನ್ನೊಬ್ಬ 'ಸ್ಯಾಂಡ್‌ಮನ್' ಕಾಮಿಕ್ಸಿನ ಮುಖಪುಟಗಳಿಗೆ ಬಣ್ಣ, ಫೋಟೋ, ನಿಜವಾದ ವಸ್ತುಗಳನ್ನೆಲ್ಲ ಒಟ್ಟು ಹಾಕಿದ. 1994ರಲ್ಲಿ ಫೋಟೋಶಾಪ್‌ಗೆ ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಪದರ, ಬಂದ ಮೇಲೆ ಅಂಟು, ಕತ್ತರಿ, ಕೊಳೆಯಾದ ಬೆರಳು ಯಾವುದೂ ಬೇಕಿಲ್ಲವಾಯಿತು. ಈಗಂತೂ ಸ್ನ್ಯಾಪ್‌ಸೀಡ್ ಆ್ಯಪಿನಲ್ಲಿ 'ಗ್ರಂಜ್' ಎಂಬ ಹೆಸರಿನದೇ ಫಿಲ್ಟರ್ ಇದೆ. ಬೆರಳು ಸವರಿದರೆ ಸಾಕು, ನೂರು ವರ್ಷದ ದುರವಸ್ಥೆ ಉಚಿತ. ನಮಗೆ ಅಷ್ಟು ದುರವಸ್ಥೆ ಸಂಪಾದಿಸಲು ನಿಜವಾಗಿಯೂ ನೂರು ವರ್ಷ ಹಿಡಿಯಿತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಇರಲಿ, ಪಾಠಕ್ಕೆ ಬರೋಣ.

ಮೊದಲ ಪಾಠ ಬಣ್ಣದ್ದು. ನಮ್ಮೂರಿನ ಫೋಟೋ ತೆಗೆದುಕೊಂಡು ಹೋದ ಪ್ರತಿಯೊಬ್ಬರೂ ಮೊದಲು ಮಾಡುವ ಕೆಲಸ ಅದನ್ನು ಕಪ್ಪಾಗಿಸುವುದು. ಆಕಾಶದ ನೀಲಿ ತೆಗೆಯುತ್ತೀರಿ, ಗಿಡದ ಹಸಿರು ತೆಗೆಯುತ್ತೀರಿ, ನೆರಳಿಗೆ ಮಸಿ ಬಳಿಯುತ್ತೀರಿ, ಮೂಲೆಯಲ್ಲಿ ನಾಲ್ಕು ಕಿಡಿ ಹಾರಿಸುತ್ತೀರಿ. ಇದರ ಗುರುಮೂಲವೂ ಗೊತ್ತು. 2018ರ ಡಿಸೆಂಬರ್ 21ರಂದು ತೆರೆಗೆ ಬಂದ, ನಮ್ಮೂರಿನದೇ ಹೆಸರಿನ 'ಕೆಜಿಎಫ್' ಸಿನಿಮಾ. ಪ್ರಶಾಂತ್ ನೀಲ್ ನಿರ್ದೇಶನ, ಭುವನ್ ಗೌಡ ಕ್ಯಾಮೆರಾ. ಇಲ್ಲಿನ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ನಡುವೆಯೇ ಸೆಟ್ಟು ಹಾಕಿ 'ನರಾಚಿ' ಎಂಬ ಕಾಲ್ಪನಿಕ ಗಣಿಯನ್ನು ಕಟ್ಟಿದರು. ತಮ್ಮ ಕತೆಗೆ ಬೇಕಾದ ಮಸಿಯನ್ನು ಅವರು ಬಳಿದುಕೊಂಡರು. ಅದು ಅವರ ಹಕ್ಕು. 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಸ್ಪೆಷಲ್ ಎಫೆಕ್ಟ್ಸ್‌ಗೆ ಬಹುಮಾನವೂ ಬಂತು. ಎಫೆಕ್ಟೇ ಇಲ್ಲದೆ ಅಷ್ಟು ವರ್ಷ ನಿಂತಿದ್ದ ದಿಬ್ಬಗಳಿಗೆ ಯಾವ ಬಹುಮಾನವೂ ಬರಲಿಲ್ಲ, ಅದು ಬೇರೆ ವಿಷಯ. ಅಲ್ಲಿಂದಾಚೆ ನನ್ನ ಅಂಗಡಿಗೆ ಬರುವ ಆರ್ಡರುಗಳ ಬಣ್ಣವೇ ಬದಲಾಯಿತು. ಜಿಮ್ ಬ್ಯಾನರು ಕಪ್ಪು, ಕಟಿಂಗ್ ಶಾಪಿನ ಬೋರ್ಡು ಕಪ್ಪು, ಒಂದು ವರ್ಷದ ಮಗುವಿನ ಹುಟ್ಟುಹಬ್ಬದ ಫ್ಲೆಕ್ಸಿನಲ್ಲೂ ಹೊಗೆ, ಕಿಡಿ, ಕೈಯಲ್ಲಿ ಸುತ್ತಿಗೆ. ಮಗು ಮಾತ್ರ ನಗುತ್ತಿರುತ್ತದೆ. ಅದಕ್ಕೆ ಇನ್ನೂ ಗ್ರಂಜ್ ಅರ್ಥವಾಗಿಲ್ಲ.

ಆದರೆ ಕಲಾವಿದರೇ, ಒಂದು ಸಣ್ಣ ತಕರಾರು. ನಮ್ಮಲ್ಲಿ ತೆಗೆದದ್ದು ಚಿನ್ನ, ಕಲ್ಲಿದ್ದಲಲ್ಲ. ಇಲ್ಲಿನ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಸಿಗುತ್ತಿತ್ತು. ಕಲ್ಲನ್ನು ಮೇಲೆ ತಂದು, ಹಿಟ್ಟಾಗುವವರೆಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡು, ಮಿಕ್ಕ ಹಿಟ್ಟನ್ನು ಊರಿನ ಪಕ್ಕಕ್ಕೆ ಸುರಿಯುತ್ತಿದ್ದರು. ನೂರಿಪ್ಪತ್ತು ವರ್ಷಗಳಲ್ಲಿ ಹೊರಗೆ ಹೋದ ಚಿನ್ನ ಸುಮಾರು 800 ಟನ್. ಇಲ್ಲೇ ಉಳಿದ ಹಿಟ್ಟು ಮೂರು ಕೋಟಿ ಟನ್ನಿಗೂ ಮೀರಿದ್ದು. ಅದರ ಬಣ್ಣ ಮಸಿಯದಲ್ಲ, ಬಿಳಿಬೂದು. ಬಿಸಿಲು ಬಿದ್ದರೆ ಕೆನೆಯ ಹಾಗೆ ಹೊಳೆಯುತ್ತದೆ. ಬೇಸಿಗೆಯ ಗಾಳಿಗೆ ಎದ್ದು ಬಂದು ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚಿಡದ ಅನ್ನದ ಮೇಲೆ, ಸ್ಟುಡಿಯೋದ ಸ್ಕ್ಯಾನರ್ ಗಾಜಿನ ಮೇಲೆ ಕೂರುತ್ತದೆ. ನೆಲದಡಿಯಲ್ಲಿ ಇದೇ ಕಲ್ಲಿನ ಸಣ್ಣ ಧೂಳು ಉಸಿರಿನ ಜೊತೆ ಒಳಹೋಗಿ ಗಣಿ ಕಾರ್ಮಿಕರ ಶ್ವಾಸಕೋಶವನ್ನು ಗಟ್ಟಿಯಾಗಿಸಿತು. ವೈದ್ಯರು ಅದನ್ನು ಸಿಲಿಕೋಸಿಸ್ ಎನ್ನುತ್ತಾರೆ. ನಮ್ಮೂರಿನ ಗ್ರಂಜ್ ಬೆಳ್ಳಗಿದೆ. ನಿಮ್ಮ ಚಿತ್ರದಲ್ಲಿ ಕರಿಮುಖದ ಕಾರ್ಮಿಕನನ್ನು ಕಂಡಾಗೆಲ್ಲ ನಮ್ಮ ಹಿರಿಯರು "ಇವನು ಯಾವ ಊರಿನವನಪ್ಪ?" ಎಂದು ವಿಚಾರಿಸುತ್ತಾರೆ.

ಇದರಿಂದ ನೇರವಾಗಿ ಎರಡನೇ ಪಾಠ ಹುಟ್ಟುತ್ತದೆ: ಬ್ಲೆಂಡ್ ಮೋಡ್, ಅಂದರೆ ಒಂದು ಲೇಯರ್ ಇನ್ನೊಂದರ ಜೊತೆ ಬೆರೆಯುವ ಬಗೆ. ಹೊಸಬರು ಗೋಡೆಯ ಫೋಟೋವನ್ನು ಮುಖದ ಫೋಟೋದ ಮೇಲಿಟ್ಟು, ಪಟ್ಟಿಯಲ್ಲಿ ಕಂಡ ಮೋಡುಗಳನ್ನೆಲ್ಲ ಒಂದೊಂದಾಗಿ ಒತ್ತುತ್ತಾ, "ವಾವ್" ಅನ್ನಿಸಿದ ಕಡೆ ನಿಲ್ಲಿಸುತ್ತಾರೆ. ಇದು ಲಾಟರಿ. ಲೆಕ್ಕ ತಿಳಿದರೆ ಲಾಟರಿ ಬೇಕಿಲ್ಲ. ಕಪ್ಪನ್ನು ಸೊನ್ನೆ, ಬಿಳಿಯನ್ನು ಒಂದು ಎಂದಿಟ್ಟುಕೊಳ್ಳಿ. 'ಮಲ್ಟಿಪ್ಲೈ' ಎಂದರೆ ಮೇಲಿನ ಲೇಯರನ್ನು ಕೆಳಗಿನದಕ್ಕೆ ಗುಣಿಸುವುದು. ಎರಡರಲ್ಲೂ ಅರ್ಧ ಬೆಳಕಿದ್ದರೆ ಉತ್ತರ ಕಾಲು ಬೆಳಕು. ಬಿಳಿ ಇದ್ದಲ್ಲಿ ಒಂದರಿಂದ ಗುಣಿಸಿದ ಹಾಗೆ, ಕೆಳಗಿನದು ಇದ್ದಂತೆಯೇ ಇರುತ್ತದೆ. ಕಪ್ಪು ಇದ್ದಲ್ಲಿ ಸೊನ್ನೆ. ಮಸಿ, ಶಾಯಿಯ ಕಲೆ, ಬಿರುಕಿನ ನೆರಳು ಇವುಗಳಿಗೆ ಇದು ಸರಿ. 'ಸ್ಕ್ರೀನ್' ಇದರ ತಿರುಗಾಮುರುಗಾ: ಕಪ್ಪು ಮಾಯವಾಗಿ ಬಿಳಿ ಉಳಿಯುತ್ತದೆ, ಅರ್ಧಕ್ಕೆ ಅರ್ಧ ಸೇರಿದರೆ ಮುಕ್ಕಾಲು. ಧೂಳು, ಫಿಲ್ಮಿನ ಗೀರು, ಸವೆದ ಕಾಗದದ ಬಿಳಿ ಅಂಚು ಇವುಗಳಿಗೆ ಇದು. 'ಓವರ್‌ಲೇ'ಯಲ್ಲಿ ಮೇಲಿನ ಲೇಯರಿನ ನಡುವಿನ ಬೂದು ಮಾಯವಾಗಿ, ಅದರ ಕತ್ತಲಿದ್ದಲ್ಲಿ ಕೆಳಗಿನ ಚಿತ್ರ ಇನ್ನಷ್ಟು ಕತ್ತಲಾಗುತ್ತದೆ, ಬೆಳಕಿದ್ದಲ್ಲಿ ಇನ್ನಷ್ಟು ಬೆಳಕಾಗುತ್ತದೆ. ಗಾರೆ, ಗೋಣಿ, ಸಿಮೆಂಟಿನ ಒರಟುತನ ಮುಖದ ಮೇಲೆ ಮೂಡಬೇಕಾದರೆ ಇದು, ಮೆಲ್ಲಗೆ ಬೇಕಾದರೆ 'ಸಾಫ್ಟ್ ಲೈಟ್'. ಊರಿಗಾಂ ಚಿತ್ರಕ್ಕೆ ನೀವು ಕಣ್ಣು ಮುಚ್ಚಿ ಮಲ್ಟಿಪ್ಲೈ ಒತ್ತುತ್ತೀರಿ. ಬೇಕಾದದ್ದು ಸ್ಕ್ರೀನ್. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿದಾಗ ಇಲ್ಲಿ ಗಣಿ ನಡೆಸುತ್ತಿದ್ದ ಬಿಳಿಯರು ಮಾಯವಾದರು, ಬಿಳಿ ಧೂಳು ಉಳಿಯಿತು. ಇದು ಯಾವ ಮೋಡ್ ಎಂದು ಮಾತ್ರ ಫೋಟೋಶಾಪ್‌ನವರೇ ಹೇಳಬೇಕು.

ಒಪಾಸಿಟಿಯ, ಅಂದರೆ ಲೇಯರ್ ಎಷ್ಟು ಗಾಢವಾಗಿ ಕಾಣಬೇಕೆಂಬುದರ, ಬಗ್ಗೆ ಒಂದೇ ಮಾತು. ಗ್ರಂಜ್ ಎಂದರೆ ಒಗ್ಗರಣೆಯ ಇಂಗು; ಹಾಕಿದ್ದು ಪರಿಮಳದಿಂದ ತಿಳಿಯಬೇಕೇ ಹೊರತು ಹಲ್ಲಿಗೆ ಸಿಗಬಾರದು. ಹಾಕಿದ ಟೆಕ್ಸ್ಚರಿನ ಒಪಾಸಿಟಿಯನ್ನು ಇಳಿಸುತ್ತಾ ಬನ್ನಿ, ಇನ್ನೇನು ಕಾಣುವುದೇ ಇಲ್ಲ ಅನ್ನುವ ಹೊತ್ತಿಗೆ ನಿಲ್ಲಿಸಿ.

ಟೆಕ್ಸ್ಚರ್ ಎಂದೆ. ಅದನ್ನು ದುಡ್ಡು ಕೊಟ್ಟು ಇಳಿಸಿಕೊಳ್ಳುವುದಕ್ಕಿಂತ ನೀವೇ ತೆಗೆಯುವುದು ಮೇಲು. ಗೋಡೆಗೆ ನೇರ ಎದುರು ನಿಂತು, ಕ್ಯಾಮೆರಾ ವಾಲದಂತೆ ಹಿಡಿದು, ಮೋಡದ ಬೆಳಕಿನಲ್ಲಿ ತೆಗೆದರೆ ಕಲೆಗಳು ಸಮವಾಗಿ ಬರುತ್ತವೆ. ಉಬ್ಬುತಗ್ಗು ಬೇಕಾದರೆ ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ಆಮೇಲೆ ಬಣ್ಣ ತೆಗೆದು, ಕಾಂಟ್ರಾಸ್ಟ್ ಏರಿಸಿ ಬೇರೆಯಾಗಿ ಇಟ್ಟುಕೊಳ್ಳಿ. ಫೋಟೋಶಾಪ್ ಕೊಳ್ಳಲು ಆಗದಿದ್ದರೆ ಗಿಂಪ್ ಉಚಿತ. ನಾನು ಹೇಳಿದ ಮೋಡುಗಳೆಲ್ಲ ಅದರಲ್ಲೂ ಇವೆ. ಒಂದು ವಿನಂತಿ: ಬೇಲಿ ದಾಟಬೇಡಿ. ಮುಚ್ಚಿದ ಗಣಿ ಶಾಫ್ಟುಗಳ ಸುತ್ತ ಯಾವ ನೆಲ ಗಟ್ಟಿ, ಯಾವುದು ಟೊಳ್ಳು ಎಂದು ಮೇಲಿನಿಂದ ಕಾಣುವುದಿಲ್ಲ. ದಿಬ್ಬಗಳಲ್ಲಿ ಮಳೆ ಕೊರೆದ ಕೊರಕಲುಗಳು ಫೋಟೋದಲ್ಲಿ ಅದ್ಭುತವಾಗಿ ಬರುತ್ತವೆ ನಿಜ. ಅವು ಒಮ್ಮೆಗೇ ಕುಸಿಯುತ್ತವೆ ಎಂಬುದೂ ಅಷ್ಟೇ ನಿಜ.

ಮೂರನೇ ಪಾಠ ಮಾಸ್ಕಿನದು. ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟೇ: ಕಾರಣವಿಲ್ಲದ ಗೀರು ಲೋಕದಲ್ಲಿ ಇಲ್ಲ. ಫೋಟೋ ಬಿರುಕು ಬಿಡುವುದು ಮಡಿಕೆಯ ಗೆರೆಯ ಮೇಲೆ. ಹಳದಿಯಾಗುವುದು ಅಂಚಿನಿಂದ ಒಳಕ್ಕೆ. ಮೂಲೆಯಲ್ಲಿ ದುಂಡಗಿನ ಕಂದು ಕಲೆ ಇದ್ದರೆ ಅದು ಡ್ರಾಯಿಂಗ್ ಪಿನ್ನಿನ ತುಕ್ಕು. ಜೇಡನ ಕಾಲಿನ ಹಾಗೆ ಕವಲೊಡೆದಿದ್ದರೆ ಅದು ಬೂಷ್ಟು, ಟ್ರಂಕಿನಲ್ಲಿ ತೇವ ಸೇರಿದ್ದರ ಗುರುತು. ರೋಲ್ ಫಿಲ್ಮಿನ ಗೀರು ಉದ್ದಕ್ಕೆ ಓಡುತ್ತದೆ, ಏಕೆಂದರೆ ಫಿಲ್ಮು ಕ್ಯಾಮೆರಾದೊಳಗೆ ಉದ್ದಕ್ಕೇ ಸರಿಯುತ್ತದೆ. ತುಕ್ಕು ಬೋಲ್ಟಿನಿಂದ ಕೆಳಕ್ಕೆ ಇಳಿಯುತ್ತದೆ, ಮೇಲಕ್ಕೆ ಏರುವುದಿಲ್ಲ. ಗಾರೆ ನೆಲದ ತೇವ ಹೀರಿದಲ್ಲಿ ಬುಡದಿಂದ ಉದುರುತ್ತದೆ. ಬಾಗಿಲಿನ ಬಣ್ಣ ಹೋಗುವುದು ಕೈ ತಾಗುವ ಎತ್ತರದಲ್ಲಿ. ಒಬ್ಬರ ಮುಖ ಮಾತ್ರ ಸವೆದು ಉಳಿದವರೆಲ್ಲ ಸರಿಯಿದ್ದ ಗುಂಪು ಫೋಟೋ ಬಂದರೆ, ಆ ಸವೆತ ಮನೆಯವರ ಹೆಬ್ಬೆರಳಿನದು ಎಂದು ನಾನು ಕೇಳದೆಯೇ ಹೇಳಬಲ್ಲೆ.

ನಿಮ್ಮ ಫಿಲ್ಟರ್ ಇದ್ಯಾವುದನ್ನೂ ಕೇಳುವುದಿಲ್ಲ. ಅದು ಮುಖ, ಆಕಾಶ, ಚಪ್ಪಲಿ ಎಲ್ಲದರ ಮೇಲೂ ಒಂದೇ ಸಮ ಗೀರು ಚೆಲ್ಲುತ್ತದೆ. ಮತ್ತೊಮ್ಮೆ ಒತ್ತಿದರೆ ಗೀರು ಜಾಗ ಬದಲಿಸುತ್ತದೆ. ಅಂಥ ಸಮಾನತೆ ಸಂವಿಧಾನಕ್ಕೆ ಒಪ್ಪುತ್ತದೆ, ಚಿತ್ರಕ್ಕೆ ಒಪ್ಪುವುದಿಲ್ಲ. ಅದಕ್ಕೇ, ಲೇಯರಿನ ಯಾವ ಭಾಗ ಕಾಣಬೇಕೆಂದು ತೀರ್ಮಾನಿಸಲು, ಲೇಯರ್ ಮಾಸ್ಕ್ ಎಂಬುದನ್ನು ಇಟ್ಟಿದ್ದಾರೆ. ಟೆಕ್ಸ್ಚರ್ ಲೇಯರಿಗೆ ಮಾಸ್ಕ್ ಹಾಕಿ, ಅದನ್ನು ಪೂರ್ತಿ ಕಪ್ಪು ಮಾಡಿ, ಎಲ್ಲವನ್ನೂ ಮರೆಸಿಬಿಡಿ. ಆಮೇಲೆ ಅಂಚು ಮೆದುವಾದ ಬ್ರಷ್ಷಿನಿಂದ, ಕಾಲು ಭಾಗದ ಒಪಾಸಿಟಿಯಲ್ಲಿ, ಬಿಳಿ ಬಣ್ಣ ಬಳಿಯುತ್ತಾ, ಎಲ್ಲಿ ಕಾರಣ ಇದೆಯೋ ಅಲ್ಲಿ ಮಾತ್ರ ಗೀರನ್ನು ಹೊರಗೆ ಕರೆಯಿರಿ. ಪ್ರತಿ ಸಲ ಕೇಳಿಕೊಳ್ಳಿ: ಇಲ್ಲಿ ಏನು ತಾಗಿತು, ಎಷ್ಟು ಸಲ, ಯಾವ ದಿಕ್ಕಿನಿಂದ? ಕಣ್ಣುಗಳನ್ನು ಬಿಟ್ಟುಬಿಡಿ. ಕಣ್ಣಿಗೆ ಗೀರು ಬಿದ್ದ ಚಿತ್ರವನ್ನು ನೋಡುವವರು ಗೀರನ್ನೇ ನೋಡುತ್ತಾರೆ.

ನಾಲ್ಕನೆಯದು ಅಕ್ಷರ. ಚಿತ್ರದ ಮೇಲೆ ಸವೆದ ಅಕ್ಷರ ಇದ್ದರೇ ಗ್ರಂಜ್ ಪೂರ್ತಿ ಎಂದು ನೀವು ನಂಬಿದ್ದೀರಿ, ಕಾರ್ಸನ್ ದಯೆ. ಇಂಗ್ಲಿಷಿನ ದಪ್ಪ ಅಕ್ಷರವನ್ನು ಅರ್ಧ ತಿಂದರೂ ಓದಬಹುದು. ಕನ್ನಡದಲ್ಲಿ ಅರ್ಥ ಇರುವುದೇ ಕೆಳಗೆ ತೂಗುವ ಒತ್ತು, ಪಕ್ಕದ ದೀರ್ಘ, ತಲೆಯ ಮೇಲಿನ ಗುಡಿಸಿನಲ್ಲಿ. ನಿಮ್ಮ ಬ್ರಷ್ಷು ಮೊದಲು ನುಂಗುವುದು ಇವನ್ನೇ. ಆದ್ದರಿಂದ ಕನ್ನಡ ಅಕ್ಷರ ಸವೆಸುವಾಗ ನಡುವಿನ ದಪ್ಪ ಮೈಯನ್ನು ಸವೆಸಿ, ಒತ್ತುಗಳಿಗೆ ಕೈ ಹಚ್ಚಬೇಡಿ. ಸವೆದ ಅಕ್ಷರಕ್ಕೆ ಮಾದರಿ ಬೇಕಾದರೆ ಹಳೆಯ ಅಂಗಡಿ ಬೋರ್ಡುಗಳ ಮುಂದೆ ಹತ್ತು ನಿಮಿಷ ನಿಲ್ಲಿ. ಬಿಸಿಲು ಯಾವ ಬಣ್ಣವನ್ನು ಮೊದಲು ತಿನ್ನುತ್ತದೆ ಎಂದು ಅವು ಹೇಳುತ್ತವೆ. ಸಾಮಾನ್ಯವಾಗಿ ಕೆಂಪನ್ನು.

ಕೊನೆಯ ಪಾಠ ಲೇಯರಿನದು, ಇದರಲ್ಲಿ ಸ್ವಲ್ಪ ಖಾರ ಇದ್ದರೆ ಕ್ಷಮೆ ಇರಲಿ. ಕೆಲಸ ಮುಗಿದೊಡನೆ 'ಫ್ಲಾಟನ್' ಒತ್ತಬೇಡಿ ಎಂದು ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ. ಒತ್ತಿದರೆ ಎಲ್ಲ ಪದರಗಳೂ ಅಂಟಿಕೊಂಡು ಒಂದಾಗುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಊರುಗಳಿಗೂ ಹಾಗೆ ಮಾಡಬೇಡಿ. ನೀವು ಚಿತ್ರದಲ್ಲಿ ಹಿಡಿಯುವ ಶಾಫ್ಟಿನ ಮೇಲಿನ ಚಕ್ರದ ಕೆಳಗೆ ಪದರ ಪದರವಾಗಿ ಕೆಲವು ಸಂಗತಿಗಳಿವೆ. ಗಣಿ ನಡೆಸಲು 1880ರಲ್ಲಿ ಬಂದ ಬ್ರಿಟಿಷರ ಜಾನ್ ಟೇಲರ್ ಕಂಪನಿ ಇದೆ. 1902ರಲ್ಲಿ, ಬೆಂಗಳೂರಿಗಿಂತ ಮೊದಲೇ, ಶಿವನಸಮುದ್ರದಿಂದ ತಂತಿ ಎಳೆದು ತಂದ ಕರೆಂಟು ಇದೆ. ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರಿಗೂ ಮಿಕ್ಕ ಆಳ ಇದೆ. ಅಲ್ಲೇ 2.3 ಕಿಲೋಮೀಟರ್ ಕೆಳಗೆ 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣಗಳ ಸುಳಿವು ಹಿಡಿದ ಪ್ರಯೋಗ ಇದೆ. ಇಡೀ ಜಗತ್ತು ತಿರುಗಿ ನೋಡಿದ ಕೆಲಸ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ದಿನ ಇದೆ. ಪಂಪುಗಳು ನಿಂತ ಮೇಲೆ ಒಳಗೆಲ್ಲ ತುಂಬಿಕೊಂಡ ನೀರು ಇದೆ. ಇವೆಲ್ಲವನ್ನೂ ಫ್ಲಾಟನ್ ಮಾಡಿ ನೀವು ಕೆಳಗೆ ಬರೆಯುವ ಶೀರ್ಷಿಕೆ: 'ದಿ ಡೆಡ್ ಟೌನ್'.

ಸತ್ತ ಊರಿನವನಾಗಿ ನಾನು ಇದನ್ನು ಬಹಳ ಆಸಕ್ತಿಯಿಂದ ನೋಡುತ್ತೇನೆ. ನಿಮ್ಮಲ್ಲೊಬ್ಬರು ಇಲ್ಲಿನ ಗಣಿ ಕಾರ್ಮಿಕರ ಸಾಲುಮನೆಯೊಂದರ ಫೋಟೋ ತೆಗೆದು ಪೋಸ್ಟರ್ ಮಾಡಿದ್ದು ನನ್ನ ಮೊಬೈಲಿಗೂ ಬಂತು. ಕೆಲಸ ಅಚ್ಚುಕಟ್ಟು. ಗೋಡೆಯ ಬಿರುಕು, ಹೆಂಚಿನ ಮೇಲಿನ ಪಾಚಿ, ಎಲ್ಲ ಎದ್ದು ಬಂದಿದ್ದವು. ಬರದೇ ಇದ್ದದ್ದು ಅಲ್ಲಿನ ಬದುಕೊಂದೇ. ಆ ಮನೆಯ ಮುಂದೆ ತಂತಿಯ ಮೇಲೆ ಶಾಲೆಯ ಯೂನಿಫಾರ್ಮು ಒಣಗುತ್ತಿರುತ್ತದೆ, ಪಕ್ಕದಲ್ಲಿ ಡಿಶ್ ಆ್ಯಂಟೆನಾ, ಬಣ್ಣದ ಡಬ್ಬಿಯಲ್ಲಿ ತುಳಸಿ. ಅವನ್ನೆಲ್ಲ ಅಳಿಸಿದ ಕ್ಲೋನ್ ಸ್ಟಾಂಪನ್ನೇ ಹಿಡಿದು ಬದುಕುವವನು ನಾನು, ಅದರ ಹೆಜ್ಜೆಗುರುತು ನನಗೆ ತಪ್ಪುವುದಿಲ್ಲ. ಯೂನಿಫಾರ್ಮಿದ್ದ ಜಾಗದಲ್ಲಿ ಒಂದೇ ಬಿರುಕು ಮೂರು ಸಲ ಬಂದಿತ್ತು. ನಾನು ತಾತನ ಮುಖದ ಮೇಲಿನ ಕಲೆ ಅಳಿಸುತ್ತೇನೆ, ನೀವು ಮೊಮ್ಮಗಳ ಅಂಗಿ ಅಳಿಸುತ್ತೀರಿ. ಇಬ್ಬರೂ ಬಳಸುವುದು ಒಂದೇ ಸಾಧನ.

ನಿಮ್ಮನ್ನು ಹಂಗಿಸಿ ಓಡಿಸುವುದು ನನ್ನ ಉದ್ದೇಶವಲ್ಲ. ಆಟವಾಡುತ್ತಾ ಕಲಿತವರು ದೊಡ್ಡ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಅದೇ 'ಕೆಜಿಎಫ್' ಸಿನಿಮಾದಲ್ಲಿದೆ. 2022ರ ಏಪ್ರಿಲ್ 14ರಂದು ಬಂದ ಎರಡನೇ ಭಾಗವನ್ನು ಸಂಕಲನ ಮಾಡಿದ ಉಜ್ವಲ್ ಕುಲಕರ್ಣಿ, ಅಭಿಮಾನಿಯಾಗಿ ಸಿನಿಮಾ ತುಣುಕುಗಳನ್ನು ಜೋಡಿಸುತ್ತಾ ಕೈ ಪಳಗಿಸಿಕೊಂಡ ಹುಡುಗ. ಆಗಿನ್ನೂ ಇಪ್ಪತ್ತರ ಆಸುಪಾಸು. ನೀವೂ ಆಡಿ. ಆದರೆ ಮೊದಲ ಚಿತ್ರಕ್ಕೆ ನಮ್ಮೂರಿಗೆ ಬರಬೇಡಿ, ನಿಮ್ಮ ಮನೆಯಿಂದಲೇ ಶುರು ಮಾಡಿ. ನಿಮ್ಮದೇ ಮುಖ ಇರಲಿ. ಅದರ ಮೇಲೆ ನಿಮ್ಮದೇ ಒಡೆದ ಮೊಬೈಲ್ ಗಾಜಿನ ಗೆರೆ, ನಿಮ್ಮ ಬೀದಿಗೆ ಬರುವ ನೀರಿನ ಟ್ಯಾಂಕರಿನ ತುಕ್ಕು, ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಒಳಗೋಡೆಯ ಗೀರು, ಬಾಡಿಗೆ ಕರಾರಿನ ಮೇಲಿನ ಮೊಹರು. ಇವೆಲ್ಲ ನಿಮಗೆ ತಾಗಿದವು, ಆದ್ದರಿಂದ ಎಲ್ಲಿ ಹಾಕಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದಾದ ಮೇಲೆ ಬನ್ನಿ. ಬಂದಾಗ ಗೋಡೆಯನ್ನು ಮಾತಾಡಿಸುವ ಮುಂಚೆ ಮನೆಯವರನ್ನು ಮಾತಾಡಿಸಿ, ಫೋಟೋ ತೆಗೆಯಲೇ ಎಂದು ಕೇಳಿ. ತಮಿಳು, ತೆಲುಗು, ಕನ್ನಡ, ಯಾವುದರಲ್ಲಿ ಕೇಳಿದರೂ ಇಲ್ಲಿ ಉತ್ತರ ಸಿಗುತ್ತದೆ, ಜೊತೆಗೆ ಒಂದು ಲೋಟ ಟೀ.

ಇಂತಿ,
ಗೀರು ತೆಗೆಯುವ ಕಸುಬಿನವನು,
ಊರಿಗಾಂ, ಕೆಜಿಎಫ್

ತಾ.ಕ.: ಚಿತ್ರ ಮುಗಿದ ಮೇಲೆ ಆ ಮನೆಯವರಿಗೆ ಒಂದು ಪ್ರಿಂಟ್ ಕೊಡುವ ಮನಸ್ಸಾದರೆ ನನ್ನಲ್ಲೇ ಹಾಕಿಸಿ, ದರದಲ್ಲಿ ನೋಡಿಕೊಳ್ಳೋಣ. ಒಂದು ಎಚ್ಚರಿಕೆ: ಅವರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಚೆನ್ನಾಗಿದೆ ಕಣಪ್ಪ, ಈ ಗೋಡೆಗೆ ಸುಣ್ಣ ಹೊಡೆದ ಹಾಗೆ ಮಾಡಿಕೊಡೋಕೆ ಆಗಲ್ವಾ?" ಎಂದು ಕೇಳುತ್ತಾರೆ. ಅದಕ್ಕೆ ಯಾವ ಬ್ಲೆಂಡ್ ಮೋಡ್ ಎಂದು ನಿಮಗೆ ಗೊತ್ತಾದರೆ ನನಗೂ ಬರೆದು ತಿಳಿಸಿ.